ಒಂದು ಸಣ್ಣ ಎಪಿಸ್ಕೋಪಲ್ ಸಭೆಯ ಮನೆವಾರ್ತೆ: ನನ್ನ ಅನುಭವ

ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದ ಸಣ್ಣ ಊರೊಂದರಲ್ಲಿರುವ ನಮ್ಮ ಎಪಿಸ್ಕೋಪಲ್ (ಅಮೆರಿಕದ ಆಂಗ್ಲಿಕನ್ ಪರಂಪರೆಯ) ಚರ್ಚಿಗೆ ಭಾನುವಾರ ಆರಾಧನೆಗೆ ಬರುವವರು ನಲವತ್ತರ ಆಸುಪಾಸು. ಅಮೆರಿಕದ ಎಪಿಸ್ಕೋಪಲ್ ಸಭೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಹಾಜರಿ ಎಪ್ಪತ್ತನ್ನೂ ಮುಟ್ಟುವುದಿಲ್ಲ. ಆದುದರಿಂದ ನಮ್ಮದನ್ನು ಕ್ಷೀಣಿಸಿದ ಸಭೆ ಎನ್ನುವುದಕ್ಕಿಂತ ಸಾಮಾನ್ಯ ಸಭೆ ಎನ್ನುವುದೇ ಸರಿ. ಇದರ ಆಡಳಿತ ಮಂಡಳಿಯಾದ ವೆಸ್ಟ್ರಿಯಲ್ಲಿ ಸದಸ್ಯನಾಗಿ, ಆ ಮೇಲೆ ವಾರ್ಷಿಕ ಕಾಣಿಕೆಯ ವಾಗ್ದಾನಗಳನ್ನು ಕೂಡಿಸುವ ಹೊಣೆ ಹೊತ್ತವನಾಗಿ ನಾನು ಮಾಡಿದ ಮನೆವಾರ್ತೆಯನ್ನು, ಅಂದರೆ ಸಭೆಯ ಹಣ, ಆಸ್ತಿ, ದುಡಿಮೆಗಳನ್ನು ನೋಡಿಕೊಳ್ಳುವ ಕೆಲಸವನ್ನು, ಇಲ್ಲಿ ವಿವರಿಸುತ್ತಿದ್ದೇನೆ. ಹೊರನಾಡಿನಲ್ಲಿ ಇಂಥ ಸಭೆಗಳನ್ನು ಸೇರಿರುವ ಕನ್ನಡ ಕ್ರೈಸ್ತರಿಗೂ, ಊರಿನಲ್ಲಿ ಸಭೆಯ ಲೆಕ್ಕಪತ್ರ ನೋಡಿಕೊಳ್ಳುವವರಿಗೂ ಇದರಲ್ಲಿ ಕೆಲವು ಸಂಗತಿಗಳು ಉಪಯೋಗಕ್ಕೆ ಬಂದಾವೆಂಬ ನಂಬಿಕೆ ನನ್ನದು.

ನಾನು ಬೆಳೆದದ್ದು ಕರ್ನಾಟಕದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯೊಂದರಲ್ಲಿ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಉದಯಿಸಿದ ದಕ್ಷಿಣ ಭಾರತ ಸಭೆಯೂ, 1789ರಲ್ಲಿ ಫಿಲಡೆಲ್ಫಿಯದಲ್ಲಿ ತನ್ನ ಸಂವಿಧಾನವನ್ನು ರೂಪಿಸಿಕೊಂಡ ಎಪಿಸ್ಕೋಪಲ್ ಚರ್ಚೂ ಇಂದು ಒಂದೇ ಜಾಗತಿಕ ಆಂಗ್ಲಿಕನ್ ಬಳಗದಲ್ಲಿವೆ. ಹಾಗಾಗಿ ಇಲ್ಲಿನ ಆರಾಧನೆಯ ಕ್ರಮ ನನಗೆ ಅಪರಿಚಿತವೆನಿಸಲಿಲ್ಲ. ಹೊಸದೆನಿಸಿದ್ದು ಹಣಕಾಸಿನ ಹೊಣೆ ಯಾರದೆಂಬ ಸಂಗತಿ. ನಮ್ಮೂರಿನಲ್ಲಿ ಬಿಷಪರು ಆಯರನ್ನು, ಅಂದರೆ ಪಾದ್ರಿಯವರನ್ನು, ಕಳುಹಿಸುತ್ತಿದ್ದರು, ಕೆಲವು ವರ್ಷಗಳ ಬಳಿಕ ವರ್ಗಾಯಿಸುತ್ತಿದ್ದರು. ಅವರ ಸಂಬಳ ಎಲ್ಲಿಂದ ಬರುತ್ತದೆಂದು ನಾವು ಮಕ್ಕಳು ಯೋಚಿಸಿದ್ದೇ ಇಲ್ಲ. ಇಲ್ಲಿ ಸ್ವಾವಲಂಬಿಯಾದ ಸಭೆಯೊಂದು ತನ್ನ ರೆಕ್ಟರನ್ನು (ಮುಖ್ಯ ಪಾದ್ರಿಯನ್ನು) ತಾನೇ ಹುಡುಕಿ, ಬಿಷಪರ ಸಮ್ಮತಿ ಪಡೆದು ಕರೆಯುತ್ತದೆ. ಕರೆದ ಮೇಲೆ ಅವರ ಸಂಬಳ, ವಸತಿ, ಆರೋಗ್ಯ ವಿಮೆ ಮತ್ತು ಸಂಬಳದ ಮೇಲೆ ಶೇಕಡಾ 18ರಷ್ಟು ಪಿಂಚಣಿ ವಂತಿಗೆ ಎಲ್ಲವೂ ಆ ಸಭೆಯ ತಲೆಯ ಮೇಲೆಯೇ. ಚರ್ಚಿನ ಕಟ್ಟಡವನ್ನೂ ಸಭೆಯೇ ಕಾಪಾಡಬೇಕು, ಆದರೆ ಅದನ್ನು ತನ್ನ ಸ್ವಂತದ್ದೆಂದು ಮಾರಿಕೊಳ್ಳುವ ಹಾಗಿಲ್ಲ. 1979ರಲ್ಲಿ ಸೇರಿಸಿದ ನಿಯಮದಂತೆ ಆಸ್ತಿಯೆಲ್ಲವೂ ಡಯಾಸಿಸ್ (ಬಿಷಪರ ಆಡಳಿತ ಪ್ರಾಂತ) ಮತ್ತು ಇಡೀ ಎಪಿಸ್ಕೋಪಲ್ ಚರ್ಚಿನ ಪರವಾಗಿ ನಂಬಿಕೆಯಿಂದ ನಮ್ಮ ಕೈಗೆ ಒಪ್ಪಿಸಿದ ನಿಕ್ಷೇಪ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಒಡೆಯನ ಆಸ್ತಿಯನ್ನು ನೋಡಿಕೊಳ್ಳುವ ಮನೆವಾರ್ತೆಯವನ ಸ್ಥಾನವೂ ಇದೇ ಅಲ್ಲವೇ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ನಾನು ಕೆಲಸ ವಹಿಸಿಕೊಂಡಾಗ ಸಭೆಯ ಮುಂದೆ ಇಡುತ್ತಿದ್ದದ್ದು ಒಂದು ಪುಟದ ಆಯವ್ಯಯ ಪಟ್ಟಿ. ಅರೆಕಾಲಿಕ ಪಾದ್ರಿಯವರ ವೇತನ, ಪಿಂಚಣಿ, ಡಯಾಸಿಸ್‌ಗೆ ಸಲ್ಲಬೇಕಾದ ಪಾಲು, ಕಟ್ಟಡದ ವಿಮೆ, ಚಳಿಗಾಲದ ಬಾಯ್ಲರಿನ ಎಣ್ಣೆ, ಆರ್ಗನ್ನಿನ ಶ್ರುತಿ, ಸ್ಲೇಟು ಹೊದಿಸಿದ ಚಾವಣಿಯ ದುರಸ್ತಿ, ಕಡೆಯಲ್ಲಿ ‘ಊರಿನ ಸೇವೆ’ ಎಂಬ ಒಂದು ಸಾಲು ಮತ್ತು ಅದರ ಎದುರು ಒಂದು ಸಣ್ಣ ಮೊತ್ತ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಅದನ್ನು ಓದಿದವರಿಗೆ ತಾವು ಕೊಡುವುದೆಲ್ಲ ಎಣ್ಣೆಗೂ ಚಾವಣಿಗೂ ಹೋಗುತ್ತದೆಂಬ ಭಾವನೆ ಬರುತ್ತಿತ್ತು. ಕಾಣಿಕೆಯನ್ನು ಕರೆಂಟ್ ಬಿಲ್ಲಿನಂತೆ ಭಾವಿಸಿದವರು ಬಿಲ್ಲಿನಷ್ಟನ್ನೇ ಕೊಡುತ್ತಾರೆ. ಬಾಕಿ ಬಿದ್ದಿದೆ ಎಂದು ಕೂಗಿದಾಗ ಒಂದಿಷ್ಟು ಸೇರಿಸುತ್ತಾರೆ, ಮರುವರ್ಷ ಮತ್ತೆ ಕೂಗಬೇಕಾಗುತ್ತದೆ.

ಇದಕ್ಕೆ ಪರಿಹಾರವಾಗಿ ನಾವು ಇಲ್ಲಿನ ಅನೇಕ ಸಭೆಗಳು ಅನುಸರಿಸುವ ವಿವರಣಾತ್ಮಕ ಬಜೆಟ್ಟಿನ ಕ್ರಮವನ್ನು ಕೈಗೆತ್ತಿಕೊಂಡೆವು. ಅದರ ತತ್ತ್ವ ಸರಳ: ಖರ್ಚನ್ನು ಬಾಬ್ತುಗಳಾಗಿ ತೋರಿಸದೆ, ಆ ಖರ್ಚಿನಿಂದ ನಡೆಯುವ ಸೇವೆಗಳಾಗಿ ತೋರಿಸುವುದು. ಕೆಲಸ ಮಾತ್ರ ಸರಳವಲ್ಲ. ನಾವು ಐದು ಸೇವೆಗಳನ್ನು ಗುರುತಿಸಿಕೊಂಡೆವು: ಆರಾಧನೆ, ರೋಗಿಗಳ ಮತ್ತು ದುಃಖದಲ್ಲಿರುವವರ ಆರೈಕೆ, ಮಕ್ಕಳ ಹಾಗೂ ವಯಸ್ಕರ ಬೋಧನೆ, ಊರಿನ ಸೇವೆ, ಅನ್ಯೋನ್ಯತೆ. ಆಮೇಲೆ ಪಾದ್ರಿಯವರು ಕೆಲವು ವಾರಗಳ ಕಾಲ ತಮ್ಮ ಗಂಟೆಗಳು ಎಲ್ಲೆಲ್ಲಿ ಹೋಗುತ್ತವೆಂದು ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದು ವಿನಂತಿಸಿಕೊಂಡೆವು. ಪ್ರಸಂಗದ (ಆರಾಧನೆಯ ಪ್ರವಚನದ) ತಯಾರಿ ಆರಾಧನೆಗೆ, ಆಸ್ಪತ್ರೆಯ ಭೇಟಿ ಆರೈಕೆಗೆ, ದೀಕ್ಷಾಸ್ನಾನಕ್ಕೆ ಮುಂಚೆ ತಂದೆತಾಯಿಗಳ ಜೊತೆ ಕೂರುವುದು ಬೋಧನೆಗೆ. ಅವರ ವೇತನ ಮತ್ತು ಪಿಂಚಣಿಯನ್ನು ಅದೇ ಪ್ರಮಾಣದಲ್ಲಿ ಹಂಚಿದೆವು. ಕಟ್ಟಡಕ್ಕೂ ಹಾಗೆಯೇ ಒಂದು ದಿನಚರಿ ಇಟ್ಟೆವು. ಯಾವ ಕೋಣೆಯನ್ನು ಯಾರು ಎಷ್ಟು ಹೊತ್ತು ಬಳಸುತ್ತಾರೆಂದು ಬರೆದು ನೋಡಿದಾಗ, ನೆಲಮಾಳಿಗೆಯ ದೊಡ್ಡ ಕೋಣೆಯನ್ನು ನಮಗಿಂತ ಹೆಚ್ಚಾಗಿ ಬಳಸುತ್ತಿದ್ದವರು ಮದ್ಯವ್ಯಸನದಿಂದ ಬಿಡಿಸಿಕೊಳ್ಳಲು ಸೇರುವ ಗುಂಪಿನವರು ಮತ್ತು ಶನಿವಾರ ದವಸಧಾನ್ಯ ಒಯ್ಯಲು ಬರುವ ಊರಿನ ಬಡ ಕುಟುಂಬದವರು ಎಂಬುದು ಸ್ಪಷ್ಟವಾಯಿತು. ಎಂದಮೇಲೆ ಬಾಯ್ಲರಿನ ಎಣ್ಣೆಯಲ್ಲಿ, ವಿಮೆಯಲ್ಲಿ, ಚಾವಣಿಯ ದುರಸ್ತಿಯಲ್ಲಿ ಅವರದೂ ಒಂದು ಪಾಲಿದೆ, ಮತ್ತು ಆ ಪಾಲು ಊರಿನ ಸೇವೆಯೇ. ಮೊದಲಿನ ಪಟ್ಟಿಯಲ್ಲಿ ಕಡೆಯ ಸಾಲಾಗಿದ್ದ ಆ ಸೇವೆ ಹೊಸ ಪಟ್ಟಿಯಲ್ಲಿ ಆರಾಧನೆಯ ನಂತರದ ಸ್ಥಾನಕ್ಕೆ ಬಂದು ನಿಂತಿತು.

ಈ ಹಂಚಿಕೆಯಲ್ಲಿ ಪ್ರಾಮಾಣಿಕತೆ ಬಹಳ ಮುಖ್ಯ. ಊರಿನ ಸೇವೆಯ ಅಂಕಿಯನ್ನು ದೊಡ್ಡದಾಗಿ ತೋರಿಸಬೇಕೆಂಬ ಆಸೆಯಿಂದ ಗಂಟೆಗಳನ್ನು ಹಿಗ್ಗಿಸಿದರೆ, ಲೆಕ್ಕ ಬಲ್ಲ ಒಬ್ಬ ಹಿರಿಯರು ಅದನ್ನು ಕಂಡುಹಿಡಿಯುತ್ತಾರೆ, ಆ ಮೇಲೆ ಯಾವ ಪಟ್ಟಿಯನ್ನೂ ಯಾರೂ ನಂಬುವುದಿಲ್ಲ. ಅದಕ್ಕಾಗಿ ಹಳೆಯ ಕ್ರಮದ ಪಟ್ಟಿಯನ್ನೂ ಅದರ ಪಕ್ಕದಲ್ಲೇ ಅಚ್ಚು ಹಾಕಿಸಿದೆವು. ಎರಡರ ಒಟ್ಟು ಮೊತ್ತ ಡಾಲರಿನವರೆಗೂ ತಾಳೆಯಾಗಬೇಕೆಂಬುದು ನಮ್ಮ ಖಜಾಂಚಿಯವರ ಹಟ, ಮತ್ತು ಆ ಹಟವನ್ನು ನಾನು ಮನಸಾರೆ ಮೆಚ್ಚಿದ್ದೇನೆ.

ಹೊಸ ಪಟ್ಟಿ ಸಿದ್ಧವಾದ ಮೇಲೆಯೇ ಕೇಳುವ ಕೆಲಸ. ಇಲ್ಲಿ ಸೆಪ್ಟೆಂಬರಿನಿಂದ ನವೆಂಬರಿನವರೆಗೆ, ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲಕ್ಕೆ ಮೊದಲು, ಮುಂದಿನ ವರ್ಷಕ್ಕೆ ತಾನು ಎಷ್ಟು ಕೊಡುತ್ತೇನೆಂದು ಪ್ರತಿ ಕುಟುಂಬವೂ ಒಂದು ಕಾರ್ಡಿನಲ್ಲಿ ಬರೆದುಕೊಡುವ ರೂಢಿಯಿದೆ. ಕೆಲಸ ಹೋದರೆ, ಕಾಯಿಲೆ ಬಂದರೆ ಅದನ್ನು ತಗ್ಗಿಸಬಹುದು. ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ. 1982ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ನಡೆದ ಎಪಿಸ್ಕೋಪಲ್ ಚರ್ಚಿನ ಮಹಾಸಭೆಯು ದಶಮಾಂಶವನ್ನು (ಆದಾಯದ ಹತ್ತನೆಯ ಒಂದು ಪಾಲನ್ನು) ಎಪಿಸ್ಕೋಪಲಿಯನ್ನರ ಕಾಣಿಕೆಯ ಕನಿಷ್ಠ ಮಟ್ಟವೆಂದು ಘೋಷಿಸಿದೆಯಾದರೂ, ಅಲ್ಲಿಗೆ ತಲುಪಿದವರು ಕಡಿಮೆ. ನಾನು ಮನೆಮನೆಗೆ ಹೋದಾಗ ಮೊತ್ತದ ಮಾತನ್ನೇ ಎತ್ತುತ್ತಿರಲಿಲ್ಲ. ಈಗ ಕೊಡುತ್ತಿರುವುದು ಆದಾಯದ ಎಷ್ಟನೆಯ ಪಾಲೆಂದು ಮನೆಯಲ್ಲಿ ಲೆಕ್ಕ ಹಾಕಿ ನೋಡಿ, ಸಾಧ್ಯವಾದರೆ ಶೇಕಡಾ ಒಂದರಷ್ಟು ಮುಂದಕ್ಕೆ ಹೋಗಿ ಎಂದಷ್ಟೇ ಕೇಳುತ್ತಿದ್ದೆ. ಪಿಂಚಣಿಯ ಮೇಲೆ ಬದುಕುವ ವೃದ್ಧೆಯರು ಈಗಾಗಲೇ ದಶಮಾಂಶವನ್ನು ದಾಟಿ ಕೊಡುತ್ತಿರುತ್ತಾರೆ. ಅವರನ್ನು ಇನ್ನಷ್ಟು ಕೇಳಬಾರದು, ಕೃತಜ್ಞತೆ ಹೇಳಿ ಬರಬೇಕು. ಕೇಳದೆಯೂ ಹೋಗಬೇಕಾದ ಮನೆಗಳಿವೆ ಎಂಬುದನ್ನು ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಸಭೆಯವರು ಹಣ ಬೇಕಾದಾಗ ಮಾತ್ರ ಬಾಗಿಲು ತಟ್ಟುತ್ತಾರೆಂಬ ನೋವು ಅನೇಕರಲ್ಲಿದೆ.

ಯಾರು ಎಷ್ಟು ಬರೆದರೆಂಬುದು ಇಲ್ಲಿ ಗುಟ್ಟು. ನಮ್ಮ ಸಭೆಯಲ್ಲಿ ಅದು ಗೊತ್ತಿರುವುದು ಕಾರ್ಡುಗಳನ್ನು ದಾಖಲಿಸುವ ಒಬ್ಬರಿಗೆ ಮಾತ್ರ. ನನಗೂ ಒಟ್ಟು ಮೊತ್ತ ಮತ್ತು ಕುಟುಂಬಗಳ ಸಂಖ್ಯೆಯಷ್ಟೇ ಸಿಗುತ್ತಿತ್ತು. ನಾನು ಬೆಳೆದ ಸಭೆಯ ರೀತಿ ಬೇರೆ. ಸುಗ್ಗಿ ಹಬ್ಬದ ದಿನ ಬಾಳೆಗೊನೆ, ಕುಂಬಳಕಾಯಿ, ಭತ್ತ, ಕೋಳಿ ಎಲ್ಲವೂ ದೇವರ ಸನ್ನಿಧಿಗೆ ಬಂದು, ಆರಾಧನೆಯ ಬಳಿಕ ಅಂಗಳದಲ್ಲಿ ಹರಾಜಾಗುತ್ತಿತ್ತು. ಒಂದು ನಿಂಬೆಹಣ್ಣನ್ನು ಕೊಂಡವರೇ ಮತ್ತೆ ಹರಾಜಿಗೆ ಕೊಟ್ಟು, ಅದು ನಾಲ್ಕಾರು ಕೈ ದಾಟಿ ಬುಟ್ಟಿ ನಿಂಬೆಯ ಬೆಲೆಗಿಂತ ಹೆಚ್ಚು ತರುತ್ತಿತ್ತು. ಅಲ್ಲಿ ಕೊಡುವುದು ಎಲ್ಲರೆದುರಿಗೆ ನಡೆಯುವ ಸಂತೋಷ. ಹಾಗೆ ಕೊಡುವುದರಲ್ಲಿ ಮಕ್ಕಳು ಕಣ್ಣಾರೆ ಕಂಡು ಕಲಿಯುವ ಒಳ್ಳೆಯದಿದೆ, ಬಡವರು ಹಿಂಜರಿಯುವ ಕಷ್ಟವೂ ಇದೆ. ವರ್ಷದ ವಾಗ್ದಾನಕ್ಕೆ ಇಲ್ಲಿನ ಗುಟ್ಟೇ ಒಳ್ಳೆಯದೆಂದು ನಾನು ಭಾವಿಸುತ್ತೇನೆ. ಆದರೆ ಕೊಡುವ ಸಂತೋಷ ಮಾತ್ರ ಬಹಿರಂಗವಾಗಿರಬೇಕೆಂದು, ಅಕ್ಟೋಬರಿನ ಭಾನುವಾರಗಳಲ್ಲಿ ಸಭೆಯವರೇ ಒಬ್ಬೊಬ್ಬರಾಗಿ ಎದ್ದು, ತಾವು ಯಾಕೆ ಕೊಡುತ್ತೇವೆಂದು ಕೆಲವೇ ನಿಮಿಷ ಮಾತಾಡುವ ಏರ್ಪಾಡು ಮಾಡಿದೆವು. ಪಾದ್ರಿಯವರ ಪ್ರಸಂಗಕ್ಕಿಂತ ಆ ಮಾತುಗಳು ಹೆಚ್ಚು ದೂರ ಹೋದವು, ಪಾದ್ರಿಯವರೇ ಹಾಗೆಂದರು. ನವೆಂಬರಿನಲ್ಲಿ ಒಂದು ಭಾನುವಾರ ಕಾರ್ಡುಗಳನ್ನು ಲಕೋಟೆಯಲ್ಲಿಟ್ಟು ಎಲ್ಲರೂ ವೇದಿಯ ಬಳಿಗೆ ತರುತ್ತಾರೆ, ರೊಟ್ಟಿ ಮತ್ತು ದ್ರಾಕ್ಷಾರಸದೊಂದಿಗೆ ಅವುಗಳನ್ನೂ ಅರ್ಪಿಸಲಾಗುತ್ತದೆ.

ವಾಗ್ದಾನದ ಬೆಲೆ ನಮಗೆ ಪೂರ್ತಿಯಾಗಿ ತಿಳಿದದ್ದು 2020ರ ಮಾರ್ಚ್‌ನಲ್ಲಿ ಬಾಗಿಲು ಮುಚ್ಚಬೇಕಾಗಿ ಬಂದಾಗ. ಆರಾಧನೆಯಲ್ಲಿ ಕಾಣಿಕೆಯ ತಟ್ಟೆಗೆ ಬೀಳುತ್ತಿದ್ದ ಬಿಡಿ ಹಣ ಒಂದೇ ವಾರದಲ್ಲಿ ನಿಂತಿತು. ಕಾರ್ಡು ಬರೆದುಕೊಟ್ಟವರು ಅಂಚೆಯಲ್ಲಿ ಚೆಕ್ ಕಳುಹಿಸಿದರು, ಕೆಲವರು ಬ್ಯಾಂಕಿನಿಂದ ನೇರವಾಗಿ ವರ್ಗಾಯಿಸುವ ಏರ್ಪಾಡು ಮಾಡಿಕೊಂಡರು, ಮತ್ತು ಪಾದ್ರಿಯವರ ವೇತನ ಒಂದು ತಿಂಗಳೂ ತಡವಾಗಲಿಲ್ಲ.

ಬಂದ ಹಣವನ್ನು ನೋಡಿಕೊಳ್ಳುವ ಕ್ರಮಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ತಟ್ಟೆಯ ಹಣವನ್ನು ಪರಸ್ಪರ ಬಂಧುಗಳಲ್ಲದ ಇಬ್ಬರು ಒಟ್ಟಿಗೆ ಎಣಿಸಿ ಸಹಿ ಹಾಕುತ್ತಾರೆ. ಎಣಿಸುವವರು ಲೆಕ್ಕ ಬರೆಯುವವರಲ್ಲ. ವರ್ಷದ ಹಾಜರಿ, ದೀಕ್ಷಾಸ್ನಾನ ಮತ್ತು ಹಣಕಾಸಿನ ವರದಿ ಮಾರ್ಚ್ 1ರೊಳಗೆ, ಲೆಕ್ಕ ಪರಿಶೋಧನೆಯ ವರದಿ ಸೆಪ್ಟೆಂಬರ್ 1ರೊಳಗೆ ಡಯಾಸಿಸ್‌ಗೆ ಸಲ್ಲಬೇಕೆಂಬುದು ಸಭೆಯ ಕಾನೂನು. 250 ಡಾಲರ್ ಅಥವಾ ಅದಕ್ಕಿಂತ ದೊಡ್ಡ ಕಾಣಿಕೆಗೆ ದಾನಿಯು ತೆರಿಗೆ ವಿನಾಯಿತಿ ಕೇಳಬೇಕಾದರೆ ಲಿಖಿತ ರಸೀದಿ ಬೇಕು. ನಾವು ಮೊತ್ತ ಎಷ್ಟೇ ಇರಲಿ, ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ವಿವರ ಕಳುಹಿಸಿ, ಕೆಳಗೆ ಕೈಬರಹದಲ್ಲಿ ಎರಡು ಸಾಲು ಕೃತಜ್ಞತೆ ಬರೆದೆವು. ಆ ಎರಡು ಸಾಲಿನಲ್ಲಿ ಆ ಮೂರು ತಿಂಗಳಲ್ಲಿ ನಡೆದ ಒಂದು ನಿರ್ದಿಷ್ಟ ಸಂಗತಿ ಇರಲೇಬೇಕೆಂದು ನಿಯಮ ಮಾಡಿಕೊಂಡಿದ್ದೆವು.

ಹಣಕ್ಕಿಂತ ಕಷ್ಟದ ವಿಷಯ ಸಣ್ಣ ಸಭೆಯಲ್ಲಿ ಕೈಗಳದು. ವೇದಿಯ ವಸ್ತ್ರಗಳನ್ನು ಒಗೆದು ಇಸ್ತ್ರಿ ಮಾಡುವವರು, ಪಾಠ ಓದುವವರು, ಆರಾಧನೆಯ ನಂತರದ ಕಾಫಿಗೆ ತಿಂಡಿ ತರುವವರು, ಹಿಮ ಬಿದ್ದ ಬೆಳಿಗ್ಗೆ ಮೆಟ್ಟಿಲು ಗೋರುವವರು ಎಲ್ಲರೂ ಅದೇ ಹತ್ತು ಮಂದಿ. ನಮ್ಮ ಪಾದ್ರಿಯವರು ಇಲ್ಲದ ಭಾನುವಾರಗಳಲ್ಲಿ 1979ರ ಪ್ರಾರ್ಥನಾ ಪುಸ್ತಕದ ಬೆಳಗಿನ ಪ್ರಾರ್ಥನೆಯನ್ನು ನಡೆಸುವವರೂ ಅವರಲ್ಲೇ ಒಬ್ಬರು. ನಾನು ಹಣದ ಕಾರ್ಡಿನ ಜೊತೆಗೆ ಸಮಯದ ಕಾರ್ಡನ್ನೂ ಇಟ್ಟೆ, ಮತ್ತು ಅದರಲ್ಲಿ ಪ್ರತಿ ಕೆಲಸಕ್ಕೂ ಎಷ್ಟು ಹೊತ್ತು ಬೇಕು, ಯಾವಾಗ ಮುಗಿಯುತ್ತದೆ ಎಂದು ನಮೂದಿಸಿದೆ. ಕೊನೆಯಿಲ್ಲದ ಕೆಲಸಕ್ಕೆ ಯಾರೂ ಕೈ ಎತ್ತುವುದಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಾಲ್ವತ್ತು ದಿನ ವಸ್ತ್ರ ಒಗೆಯುತ್ತೀರಾ ಎಂದರೆ ಒಬ್ಬರಾದರೂ ಒಪ್ಪುತ್ತಾರೆ. ವೆಸ್ಟ್ರಿಯಲ್ಲಿ ಮೂರು ವರ್ಷ ಮುಗಿಸಿದವರು ಒಂದು ವರ್ಷವಾದರೂ ಬಿಡುವು ತೆಗೆದುಕೊಳ್ಳಲೇಬೇಕೆಂಬ ನಮ್ಮ ಉಪನಿಯಮವನ್ನು ಸಡಿಲಿಸಬೇಕೆಂಬ ಸಲಹೆ ಬಂದಾಗ ನಾನು ಅದನ್ನು ಬಲವಾಗಿ ವಿರೋಧಿಸಿದೆ, ಏಕೆಂದರೆ ದಣಿದವರನ್ನು ಕೂರಿಸುವುದೂ ಮನೆವಾರ್ತೆಯೇ.

ತನಗಾಗಿಯೇ ಕೂಡಿಸುವ ಸಭೆ ಬೇಗ ಬತ್ತುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ. ಇಲ್ಲಿನ ಸಭಾ ಕಾನೂನಿನಂತೆ ತಿಂಗಳಿಗೆ ಒಂದು ಭಾನುವಾರದ ಬಿಡಿ ಕಾಣಿಕೆ, ಕಷ್ಟದಲ್ಲಿರುವವರಿಗೆ ನೆರವಾಗುವ ಪಾದ್ರಿಯವರ ಧರ್ಮನಿಧಿಗೆ ಸೇರಬೇಕು. ಯಾರ ಬಾಡಿಗೆ, ಯಾರ ಔಷಧಿ ಎಂದು ವೆಸ್ಟ್ರಿ ಕೇಳುವಂತಿಲ್ಲ. ಮನೆಮನೆಯಲ್ಲಿ ಕಾಣಿಕೆಗೆಂದು ಇಡುವ ನೀಲಿ ಪೆಟ್ಟಿಗೆಯ ಹಣವೂ ಹಾಗೆಯೇ ಇತರರಿಗೆ. ಎಪಿಸ್ಕೋಪಲ್ ಸ್ತ್ರೀಯರು 1889ರಲ್ಲಿ ಒಟ್ಟುಗೂಡಿಸಿದ ಮೊದಲ ಕಾಣಿಕೆ ಅಲಾಸ್ಕದ ಆನ್ವಿಕ್ ಎಂಬಲ್ಲಿ ಒಂದು ಚರ್ಚಿಗೂ, ಜಪಾನಿಗೆ ಒಬ್ಬ ಮಿಷನರಿಯನ್ನು ಕಳುಹಿಸಲಿಕ್ಕೂ ಹೋಯಿತು. ಅಂದಿನಿಂದ ನಡೆದುಬಂದ ಆ ಯೋಜನೆಯಲ್ಲಿ ದಿನದ ಒಂದೊಂದು ಒಳಿತಿಗೆ ಒಂದೊಂದು ನಾಣ್ಯ ಹಾಕುತ್ತಾರೆ. ನಮ್ಮ ತಾಯಿ ಪ್ರತಿ ಹೊತ್ತು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಿ ಸ್ತ್ರೀಯರ ಅನ್ಯೋನ್ಯಕೂಟಕ್ಕೆ ಕೊಡುತ್ತಿದ್ದದ್ದನ್ನು ಇಲ್ಲಿನ ಮಕ್ಕಳಿಗೆ ಹೇಳಿದೆ. ಒಂದು ಮನೆಯವರು ಅಂದಿನಿಂದ ಧಾನ್ಯ ಹಂಚುವ ಶನಿವಾರಕ್ಕೆಂದು ಅಕ್ಕಿಯ ಡಬ್ಬಿಯನ್ನೇ ಇಟ್ಟರು.

ನನ್ನ ಅವಧಿಯ ಕೊನೆಯಲ್ಲಿ ನಾವು ಕೈಹಾಕಿದ ವಿಷಯ ಮರಣಶಾಸನಗಳದು. ಪ್ರಾರ್ಥನಾ ಪುಸ್ತಕದಲ್ಲಿ ಮಗು ಹುಟ್ಟಿದ್ದಕ್ಕಾಗಿ ಸಲ್ಲಿಸುವ ಕೃತಜ್ಞತಾ ಪ್ರಾರ್ಥನೆಯ ಕೊನೆಗೆ ಒಂದು ಸೂಚನೆಯಿದೆ: ಆರೋಗ್ಯವಾಗಿರುವಾಗಲೇ ಉಯಿಲು ಬರೆದಿಡುವುದೂ, ಕುಟುಂಬಕ್ಕೆ ತಕ್ಕ ಏರ್ಪಾಡು ಮಾಡುವುದೂ, ಶಕ್ತಿಯಿದ್ದರೆ ಧರ್ಮಕಾರ್ಯಗಳಿಗೆ ಒಂದು ಪಾಲು ಬಿಡುವುದೂ ಕರ್ತವ್ಯವೆಂದು ಪಾದ್ರಿಯವರು ಆಗಾಗ್ಗೆ ಬೋಧಿಸಬೇಕು. ಅದರಂತೆ ಒಂದು ಶನಿವಾರ ವಕೀಲರೊಬ್ಬರನ್ನು ಕರೆಸಿ ಉಯಿಲಿನ ಬಗ್ಗೆ ಮಾತಾಡಿಸಿದೆವು. ಸಣ್ಣ ಮಕ್ಕಳಿರುವ ತಂದೆತಾಯಿಗಳೇ ಹೆಚ್ಚಾಗಿ ಬಂದರು. ಅದಕ್ಕೆ ಮೊದಲೇ ವೆಸ್ಟ್ರಿ ಒಂದು ನಿರ್ಣಯ ಮಾಡಿಟ್ಟಿತ್ತು. ಉದ್ದೇಶ ಹೇಳದೆ ಬಿಟ್ಟುಹೋದ ಹಣವೆಲ್ಲ ಮೂಲನಿಧಿಗೆ ಸೇರಬೇಕು, ದಿನನಿತ್ಯದ ಖರ್ಚಿಗೆ ಬಳಸಬಾರದು. ಕಳೆದ ಮೂರು ವರ್ಷಗಳ ಸರಾಸರಿ ಮೌಲ್ಯದ ಮೇಲೆ ವರ್ಷಕ್ಕೆ ಶೇಕಡಾ ನಾಲ್ಕಕ್ಕಿಂತ ಹೆಚ್ಚು ತೆಗೆಯಬಾರದು. ಸಭೆಯ ಕೆಲಸಕ್ಕೆ ಹೊಂದದ ಷರತ್ತುಗಳಿರುವ ಕೊಡುಗೆಯನ್ನು ವಿನಯದಿಂದ ನಿರಾಕರಿಸುವ ಅಧಿಕಾರ ವೆಸ್ಟ್ರಿಗಿರಬೇಕು. ನಿಧಿಯಿಂದ ತೆಗೆದ ಹಣದಲ್ಲಿ ಹತ್ತನೆಯ ಒಂದು ಪಾಲು ಸಭೆಯ ಹೊರಗಿನವರಿಗೇ ಹೋಗಬೇಕೆಂಬ ತಿದ್ದುಪಡಿಯನ್ನು ನಾನು ಮಂಡಿಸಿದೆ, ಅದು ಚರ್ಚೆಯ ಬಳಿಕ ಅಂಗೀಕಾರವಾಗಿ ಈಗ ಜಾರಿಯಲ್ಲಿದೆ.