ಕಾಫಿ ಬಿಲ್ ಮೈನಸ್ ಆದಾಗ ಕಲಿತದ್ದು

ಸಿದ್ದಾಪುರದ ಒಬ್ಬ ಕಾಫಿ ವ್ಯಾಪಾರಿಗೆ ನಾನೇ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. 50 ಕಿಲೋದ 1,000 ಚೀಲ ರೋಬಸ್ಟಾ, ಕಿಲೋಗೆ 450 ರೂಪಾಯಿ. 2.25 ಕೋಟಿ ಬರಬೇಕಿತ್ತು. ಬಂದದ್ದು ಮೈನಸ್ 2,04,49,672 ರೂಪಾಯಿ 96 ಪೈಸೆ! "ಮಾಲು ಕೊಟ್ಟು ದುಡ್ಡೂ ನಾನೇ ಕೊಡಬೇಕಾ ಮಾರಾಯ?" ಅಂದರು.

ತಪ್ಪು ನನ್ನದೇ. ಲೆಕ್ಕ ಪೈಸೆಯಲ್ಲಿತ್ತು. ಜಾವಾದಲ್ಲಿ ಪೂರ್ಣಾಂಕ ಇಡುವ 32 ಬಿಟ್‌ನ ಇಂಟ್ ಎಂಬ ಮಾದರಿಗೆ ಹಿಡಿಯುವುದು 2,14,74,83,647ರ ತನಕ ಮಾತ್ರ. ಪೈಸೆಯಲ್ಲಿ ಅದು ಬರೀ 2.14 ಕೋಟಿ ರೂಪಾಯಿ. ಅದು ದಾಟಿದರೆ ಜಾವಾ ಸುಮ್ನೆ ಮೈನಸ್ ಕಡೆಗೆ ಸುತ್ತಿ ಬರುತ್ತದೆ, ಎರರ್ ಕೊಡುವುದಿಲ್ಲ.

ಉತ್ತರವನ್ನು ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್‌ನಲ್ಲಿ ಇಟ್ಟರೆ ಸಾಕು ಅಂದುಕೊಂಡೆ. ಸಾಲಲಿಲ್ಲ. ಎರಡು ಇಂಟ್ ಗುಣಿಸಿದರೆ ಗುಣಾಕಾರ ಇಂಟ್‌ನಲ್ಲೇ ನಡೆಯುತ್ತದೆ. ಕೆಟ್ಟ ಮೇಲೆ ಲಾಂಗ್‌ಗೆ ಹೋಗುತ್ತದೆ, ಅಷ್ಟೇ. ಗುಣಿಸುವ ಮೊದಲೇ ಒಂದನ್ನಾದರೂ ಲಾಂಗ್ ಮಾಡಿ. ಇನ್ನೂ ಭಯ ಇದ್ದರೆ ಗುಣಿಸಲು ಜಾವಾದಲ್ಲೇ ಇರುವ ಮಲ್ಟಿಪ್ಲೈ‌ಎಕ್ಸಾಕ್ಟ್ ಬಳಸಿ. ಮಿತಿ ಮೀರಿದರೆ ಅದು ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ತಪ್ಪು ಬಿಲ್‌ಗಿಂತ ನಿಂತ ಬಿಲ್ ವಾಸಿ ಅಲ್ವಾ? ಲಾಂಗ್ ಕೂಡ ಸಾಲದಿದ್ದರೆ ಬಿಗ್‌ಇಂಟಿಜರ್ ಇದೆ. ಪೈಥಾನ್ ಎಂಬ ಇನ್ನೊಂದು ಭಾಷೆಯವರಿಗೆ ಈ ತಲೆನೋವೇ ಇಲ್ಲ, ಅದರ ಪೂರ್ಣಾಂಕ ಮೆಮೊರಿ ಇರುವಷ್ಟು ಬೆಳೆಯುತ್ತದೆ.

ವೆಬ್ ಪುಟಗಳಲ್ಲಿ ಬಳಸುವ ಭಾಷೆ ಜಾವಾಸ್ಕ್ರಿಪ್ಟ್‌ನ ಕಾಟ ಬೇರೆ. 9,00,71,99,25,47,40,991 ದಾಟಿದರೆ ಕೊನೆಯ ಅಂಕಿಯನ್ನು ನಂಬುವ ಹಾಗಿಲ್ಲ. 993ರಲ್ಲಿ ಮುಗಿಯುವ ರಸೀದಿ ನಂಬರ್ 992 ಆಗಿಬಿಡುತ್ತದೆ. ಲೆಕ್ಕ ಮಾಡಲೇಬೇಕಿದ್ದರೆ ಅದರಲ್ಲಿ ದೊಡ್ಡ ಪೂರ್ಣಾಂಕಕ್ಕೆಂದೇ ಇರುವ ಬಿಗ್‌ಇಂಟ್ ಬಳಸಿ. ರಸೀದಿ ನಂಬರನ್ನು ಯಾರೂ ಕೂಡುವುದಿಲ್ಲವಲ್ಲ, ಸರ್ವರ್‌ನಿಂದಲೇ ಅದನ್ನು ಸ್ಟ್ರಿಂಗ್ ಆಗಿ, ಅಂದರೆ ಸಂಖ್ಯೆಯ ಬದಲು ಬರೀ ಅಕ್ಷರಗಳ ಸಾಲಾಗಿ ಕಳಿಸಿ.

ಟೆಸ್ಟ್ ಮಾಡುವಾಗ ಎರಡು ಚೀಲದ ಬಿಲ್ ಹಾಕಿ ಖುಷಿಪಡಬೇಡಿ. ಮಿತಿಯ ಸಂಖ್ಯೆ, ಅದಕ್ಕಿಂತ ಒಂದು ಜಾಸ್ತಿ, ಎರಡನ್ನೂ ಹಾಕಿ ನೋಡಿ.