ಎರಡು ಪುಸ್ತಕ, ಒಂದು ಹಾಳೆ

ನೆರವು ಪಡೆಯುವ ದೇಶವೊಂದರ ಹಣಕಾಸು ಸಚಿವಾಲಯದಲ್ಲಿ, ದಾನಿಗಳ ಹಣದ ಲೆಕ್ಕ ನೋಡುವ ವಿಭಾಗದಲ್ಲಿ ಕೆಲವು ವರ್ಷ ಇದ್ದೆ. ಸೇರಿದ ಹೊಸತರಲ್ಲಿ ಮೇಜಿಗೆ ಬಂದ ಮೊದಲ ಕಡತವೇ ತಕರಾರಿನದು. ಆರೋಗ್ಯ ಕಾರ್ಯಕ್ರಮಕ್ಕೆ ಆ ವರ್ಷದ ಹಣವೆಲ್ಲ ಕೊಟ್ಟಾಯಿತು ಎಂದು ದಾನಿ ಸಂಸ್ಥೆ ಹೇಳುತ್ತಿತ್ತು. ನಮ್ಮ ಖಜಾನೆಯ ಪುಸ್ತಕದಲ್ಲಿ ಅದರ ಅರ್ಧವೂ ಇರಲಿಲ್ಲ.

ಯಾರೋ ನುಂಗಿರಬೇಕು ಎಂದುಕೊಂಡೇ ಸಾಲು ಸಾಲಾಗಿ ತಾಳೆ ಹಾಕಲು ಕೂತೆ. ಯಾರೂ ನುಂಗಿರಲಿಲ್ಲ. ಅವರ ಲೆಕ್ಕದ ವರ್ಷ ಜನವರಿಗೆ ಶುರು, ನಮ್ಮದು ಜುಲೈಗೆ. ಅವರು ಒಪ್ಪಂದಕ್ಕೆ ಸಹಿ ಬಿದ್ದ ದಿನವೇ ಮೊತ್ತ ಬರೆದುಕೊಂಡಿದ್ದರು, ನಾವು ಬ್ಯಾಂಕಿಗೆ ಜಮೆಯಾದ ಮೇಲೆ. ಇವೆರಡನ್ನೂ ಸರಿಪಡಿಸಿದರೂ ದೊಡ್ಡ ಅಂತರ ಉಳಿಯಿತು. ಆ ಹಣ ನಮ್ಮ ಬಜೆಟ್ಟಿನೊಳಗೆ ಬಂದೇ ಇರಲಿಲ್ಲ. ಸಲಹೆಗಾರರ ಸಂಬಳ ಅವರ ದೇಶದಲ್ಲೇ ಪಾವತಿಯಾಗಿತ್ತು. ವಾಹನ, ಉಪಕರಣಗಳನ್ನು ಅವರೇ ಕೊಂಡು ಕಳಿಸಿದ್ದರು. ವಾಹನಗಳೇನೋ ಆಸ್ಪತ್ರೆಗಳ ಅಂಗಳದಲ್ಲಿದ್ದವು. ಡೀಸೆಲ್‌ಗೆ ಬಜೆಟ್ಟಿನಲ್ಲಿ ಹಣ ಇಟ್ಟಿರಲಿಲ್ಲ, ಏಕೆಂದರೆ ಅವು ಬರುತ್ತವೆಂದೇ ಬಜೆಟ್ ಬರೆದವರಿಗೆ ಗೊತ್ತಿರಲಿಲ್ಲ.

ನೆರವನ್ನು ಹೇಗೆ ಕೊಡಬೇಕು, ಹೇಗೆ ಬಳಸಬೇಕು ಎಂದು ಕೊಡುವವರೂ ಪಡೆಯುವವರೂ ಸೇರಿ ಒಪ್ಪಿಕೊಂಡ 2005ರ ಪ್ಯಾರಿಸ್ ಘೋಷಣೆಯ ಐದು ತತ್ವಗಳು ನನಗೆ ಬಾಯಿಪಾಠ. ಐದನೆಯದು ಪರಸ್ಪರ ಹೊಣೆಗಾರಿಕೆ, ಅಂದರೆ ಇಬ್ಬರೂ ಒಬ್ಬರಿಗೊಬ್ಬರು ಉತ್ತರ ಕೊಡಬೇಕು. 2010ಕ್ಕೆಂದು ಇಟ್ಟುಕೊಂಡಿದ್ದ 13 ಗುರಿಗಳಲ್ಲಿ ಜಾಗತಿಕವಾಗಿ ಮುಟ್ಟಿದ್ದು ಒಂದೇ ಒಂದು ಎಂದು ಆಮೇಲಿನ ಸಮೀಕ್ಷೆ ಹೇಳಿತು. ಈ ಕಡತ ನೋಡಿದವನಿಗೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ.

ನಾನು ಮಾಡಿದ್ದು ಸಣ್ಣ ಕೆಲಸ. ಎಲ್ಲ ದಾನಿಗಳನ್ನೂ ಒಂದೇ ಹಾಳೆಗೆ ತಂದೆ: ಕೊಡುತ್ತೇವೆಂದ ಮೊತ್ತ, ಕೊಡುತ್ತೇವೆಂದ ತಿಂಗಳು, ನಿಜಕ್ಕೂ ಬಂದ ಮೊತ್ತ, ಬಜೆಟ್ಟಿನ ಒಳಗೋ ಹೊರಗೋ. ಉಪಾಯ ನನ್ನದಲ್ಲ, ಮೊಜಾಂಬಿಕ್ ಮತ್ತು ರುವಾಂಡಾದಲ್ಲಿ ದಾನಿಗಳ ನಡವಳಿಕೆಯನ್ನೂ ವರ್ಷಕ್ಕೊಮ್ಮೆ ಅಳೆಯುವ ಪಟ್ಟಿ ಇತ್ತು. ಮೂರು ತಿಂಗಳಿಗೊಮ್ಮೆ ಎಲ್ಲರೂ ಸೇರುವ ಸಭೆಯಲ್ಲಿ ಹಾಳೆಯನ್ನು ಗೋಡೆಯ ಮೇಲೆ ತೋರಿಸಿ ಓದಿದೆ. ಮಾಹಿತಿ ಕೊಡದವರ ಚೌಕ ಖಾಲಿ. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಮುಂದಿನ ಸಾಲಿಗೆ ಹೋದೆ. ಮುಂದಿನ ಸಭೆಯ ಹೊತ್ತಿಗೆ, ‘ಕೇಂದ್ರ ಕಚೇರಿಯ ಅನುಮತಿ ಬೇಕು’ ಎಂದಿದ್ದವರಲ್ಲೂ ಹಲವರು ಅಂಕಿ ಕಳಿಸಿದರು. ಪತ್ರ ಬರೆದೂ ಬರೆದೂ ಆಗದ್ದು ಹಾಗಾಯಿತು.

ಆ ಸಭೆಯಲ್ಲೇ ನನಗೂ ಏಟು ಬಿತ್ತು. ದಾನಿ ಪ್ರತಿನಿಧಿಯೊಬ್ಬರು, ‘ನಮ್ಮ ಚೌಕ ತುಂಬಿದೆ. ಕಳೆದ ಕಂತಿನ ಲೆಕ್ಕಪರಿಶೋಧನೆ ವರದಿ ನೀವು ಕೊಡಬೇಕಿತ್ತಲ್ಲ, ಅದರ ಚೌಕ ಯಾವುದು?’ ಎಂದರು. ಹಾಳೆಯಲ್ಲಿ ನಮ್ಮ ಸರ್ಕಾರದ ಕಾಲಂ ಒಂದೂ ಇರಲಿಲ್ಲ. ವಿಚಾರಿಸಿದರೆ ಔಷಧಿಯ ಟೆಂಡರ್ ಎರಡು ಸಲ ರದ್ದಾಗಿ ಕಂತಿನ ಹಣ ಖಾತೆಯಲ್ಲೇ ಕೂತಿತ್ತು. ಖರ್ಚೇ ಆಗದ್ದಕ್ಕೆ ವರದಿ ಎಲ್ಲಿಂದ ಬರಬೇಕು? ಎರಡು ಕಾಲಂ ಸೇರಿಸಿದೆ: ಖರ್ಚಾದದ್ದು, ವರದಿ ಕೊಟ್ಟ ದಿನ. ‘ಮನೆಯ ಹುಳುಕನ್ನು ಬಂದವರ ಮುಂದೆ ಹರವುತ್ತೀಯಲ್ಲಯ್ಯ’ ಎಂದು ಮೇಲಧಿಕಾರಿ ಗದರಿದರು. ಆದರೂ ಅಳಿಸು ಎನ್ನಲಿಲ್ಲ. ಆರೋಗ್ಯ ಸಚಿವಾಲಯವನ್ನು ಎಬ್ಬಿಸಲು ಅವರಿಗೂ ಒಂದು ನೆಪ ಬೇಕಿತ್ತೇನೋ.

ದಾನಿಗಳೇ ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ಮಾಹಿತಿಯನ್ನೂ ಬಳಸಿ ನೋಡಿದೆ. ಕೆಲಸಕ್ಕೆ ಬರುತ್ತದೆ, ಆದರೆ ಅಲ್ಲಿನ ಯೋಜನೆಯ ಹೆಸರು ನಮ್ಮ ಬಜೆಟ್ ಶೀರ್ಷಿಕೆಗೆ ಹೊಂದುವುದಿಲ್ಲ. ಹೊಂದಿಸುವುದಕ್ಕೇ ಒಬ್ಬ ಗುಮಾಸ್ತ ಬೇಕು.

ಮರುವರ್ಷದ ಬಜೆಟ್ ಬರೆಯುವ ಮುಂಚೆಯೇ ಆ ದಾನಿ ಸಂಸ್ಥೆ ಕಂತುಗಳ ತಿಂಗಳು ತಿಳಿಸಿತು, ವಾಹನಗಳ ಪಟ್ಟಿಯನ್ನೂ ಕೊಟ್ಟಿತು. ಡೀಸೆಲ್‌ಗೆ ಹಣ ಇಟ್ಟೆವು. ಸಲಹೆಗಾರರ ಸಂಬಳದ ಚೌಕ ಮಾತ್ರ ನಾನು ಅಲ್ಲಿಂದ ಹೊರಡುವವರೆಗೂ ಖಾಲಿ. ಕೇಳಿದಾಗಲೆಲ್ಲ ಒಂದೇ ಉತ್ತರ, ‘ಅದು ವೈಯಕ್ತಿಕ ಮಾಹಿತಿ.’