ಈಕೋ ವ್ಯಾನಿನಲ್ಲಿ ಬಂಡೀಪುರ: ಮೊದಲು ರಾತ್ರಿಯ ಲೆಕ್ಕ

ನಮ್ಮ ಈಕೋ ವ್ಯಾನನ್ನೇ ಮನೆ ಮಾಡಿಕೊಂಡು ಬಂಡೀಪುರ ನೋಡಿ ಬರೋಣ ಅಂತ ತುಮಕೂರಿನಿಂದ ಎರಡು ಸಲ ಹೋಗಿದ್ದೇವೆ. ಮೊದಲನೇ ಸಲ ಕೆಟ್ಟಿತು. ರಾತ್ರಿ ಎಲ್ಲಿ ಮಲಗೋದು ಅನ್ನೋದನ್ನು ಕೊನೆಗೆ ನೋಡಿಕೊಂಡರಾಯ್ತು ಅಂತ ಬಿಟ್ಟಿದ್ದೇ ತಪ್ಪು.

ಆವತ್ತು ಹೊರಟಿದ್ದೇ ತಡವಾಗಿ. ಕುಣಿಗಲ್, ಹುಲಿಯೂರುದುರ್ಗ, ಮದ್ದೂರು, ಮೈಸೂರು ಅಂತ ಅಲ್ಲಲ್ಲಿ ನಿಲ್ಲಿಸಿಕೊಂಡು ಹೋದೆವು. ಕಾಡು ದಾಟಿ ತಮಿಳುನಾಡಿನ ಮಸಿನಗುಡಿ ಕಡೆ ಮಲಗುವ ಯೋಚನೆ. ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಮುಟ್ಟಿದಾಗ ಒಂಬತ್ತು ಗಂಟೆ ಹತ್ತು ನಿಮಿಷ. ಗೇಟು ಹಾಕಿದ್ದರು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ಕಾಡಿನ ರಸ್ತೆ ಬಂದ್. ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು ಅಂತ 2009ರಲ್ಲಿ ಬಂದ ನಿಯಮ, ಅದು ಇರಲೇಬೇಕು. ಗುಂಡ್ಲುಪೇಟೆಗೆ ವಾಪಸ್ ಬಂದು ಪೆಟ್ರೋಲ್ ಬಂಕ್ ಪಕ್ಕ ಮಲಗಿದೆವು. ಲಾರಿ ಹಾರನ್ನಿಗೆ ಮಗಳು ರಾತ್ರಿಯೆಲ್ಲಾ ಬೆಚ್ಚಿ ಬೆಚ್ಚಿ ಎದ್ದಳು.

ಎರಡನೇ ಸಲ, ಮೇ ತಿಂಗಳಲ್ಲಿ, ಲೆಕ್ಕವನ್ನು ರಾತ್ರಿಯಿಂದಲೇ ಶುರು ಮಾಡಿದೆ. ಕಾಡಿನೊಳಗೆ ಗಾಡಿ ನಿಲ್ಲಿಸಿ ಮಲಗುವಂತಿಲ್ಲ. ರಸ್ತೆಯಲ್ಲಿ ಸುಮ್ನೆ ಇಳಿಯುವಂತೆಯೂ ಇಲ್ಲ. ಹಾಗಾಗಿ ಗುಂಡ್ಲುಪೇಟೆ ಕಡೆಯ ಒಂದು ತೋಟದ ಮನೆಯವರಿಗೆ ಮೊದಲೇ ಫೋನ್ ಮಾಡಿ ಕೇಳಿದೆ. ಅಂಗಳದಲ್ಲಿ ಗಾಡಿ ನಿಲ್ಲಿಸಲು ಜಾಗ, ನೀರು, ಶೌಚಾಲಯ. ಇಷ್ಟು ಸಿಕ್ಕರೆ ಸಾಕು. ಸಂಜೆ ಐದರೊಳಗೆ ಅಲ್ಲಿರಬೇಕು ಅಂತ ಹಿಂದಕ್ಕೆ ಎಣಿಸಿ, ಬೆಳಿಗ್ಗೆ ಏಳಕ್ಕೇ ತುಮಕೂರು ಬಿಟ್ಟೆವು. ದಾರಿ 200 ಕಿಲೋಮೀಟರ್ ಮೀರುತ್ತದೆ. ಮಕ್ಕಳಿದ್ದರೆ ಇಡೀ ದಿನದ ಕೆಲಸವೇ.

ಹಾಸಿಗೆಗೆ ಸೀಟು ಬಿಚ್ಚಲಿಲ್ಲ. ಹಿಂದಿನ ಸೀಟು ಮಡಚಿ, ಕೀಲು ಹಾಕಿಸಿದ ಎರಡು ಪ್ಲೈವುಡ್ ಹಲಗೆ ಹಾಸಿದೆ. ಮೊದಲು ಉದ್ದ ಜಾಸ್ತಿಯಾಗಿ ಹಿಂಬಾಗಿಲು ಮುಚ್ಚಲಿಲ್ಲ, ಬಡಗಿ ಹತ್ತಿರ ಹೋಗಿ ನಾಲ್ಕು ಇಂಚು ಕೊಯ್ಸಿದೆ. ಅಳತೆ ತೆಗೆಯುವಾಗ ಬಾಗಿಲು ಮುಚ್ಚಿಕೊಂಡೇ ತೆಗೆಯಿರಿ. ಕಿಟಕಿಗೆ ಸೊಳ್ಳೆ ಪರದೆ ಕಟ್ಟಿ, ಗಾಜು ಎರಡು ಬೆರಳು ಇಳಿಸಿ ಮಲಗಿದೆವು. ಸ್ಟವ್ ಯಾವತ್ತೂ ಗಾಡಿಯ ಹೊರಗೇ. ಮುಚ್ಚಿದ ಗಾಡಿಯಲ್ಲಿ ಉರಿ ಹಚ್ಚಿದರೆ ವಿಷಗಾಳಿ ತುಂಬುತ್ತೆ, ಜೀವಕ್ಕೇ ಅಪಾಯ.

ಊಟದ ವಿಷಯದಲ್ಲಿ ಮಾತ್ರ ಎಡವಿದ್ದೆ. ಚೇಳೂರು ಕಡೆಯ ಕೆಂಪು ತೊಳೆಯ ಹಲಸು ಅಂದರೆ ನಮ್ಮವಳಿಗೆ ಪ್ರಾಣ. ಒಂದು ಇಡೀ ಹಣ್ಣು ಸೀಟಿನ ಕೆಳಗಿತ್ತು. ಬಾಗಿಲು ತೆಗೆದ ಕೂಡಲೇ ತೋಟದ ಅಜ್ಜ ಮೂಗು ಮೇಲೆತ್ತಿದರು. "ಇದ ಗಾಡೀಲಿ ಮಡುಗ್ಬೇಡಿ ಸಾ. ಆನ ವಾಸ್ನಗೇ ಬಂದ್ಬುಡ್ತವ" ಅಂದರು. ಹೌದಲ್ವಾ, ಮಕ್ಕಳು ಮಲಗುವ ಜಾಗ! ಅಲ್ಲೇ ಹಣ್ಣು ಕೊಯ್ದು ಎಲ್ಲರಿಗೂ ಹಂಚಿದೆವು. ಸಿಪ್ಪೆ, ಮೇಣವನ್ನು ಅಜ್ಜ ದೂರಕ್ಕೆ ಒಯ್ದು ಮಣ್ಣು ಮುಚ್ಚಿದರು. ಅಂಟಿದ ಕೈಯನ್ನು ಎಣ್ಣೆ ಹಚ್ಚಿ ತೊಳೆದುಕೊಂಡೆವು. ಬಾಳೆಹಣ್ಣನ್ನೂ ಅವರ ಅಡುಗೆಮನೆಗೆ ಕೊಟ್ಟುಬಿಟ್ಟೆ.

ಸಫಾರಿಗೆ ಸ್ವಂತ ಗಾಡಿ ಬಿಡೋದಿಲ್ಲ, ಅರಣ್ಯ ಇಲಾಖೆಯ ಬಸ್ಸಲ್ಲಿ ಹೋದೆವು. ಗೋಪಾಲಸ್ವಾಮಿ ಬೆಟ್ಟಕ್ಕೂ ಅಷ್ಟೇ, ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ ಹತ್ತಬೇಕು. ಹುಲಿ ಕಾಣಲಿಲ್ಲ. ಕೆರೆ ಅಂಚಿನಲ್ಲಿ ಒಂದು ಮರಿಯಾನೆ ತಾಯಿಯ ಕಾಲ ಸಂದಿಯಲ್ಲಿ ನುಸುಳಿ ನೀರಿಗೆ ಸೊಂಡಿಲು ಚಾಚಿತು, ಎಟುಕಲಿಲ್ಲ, ಮಂಡಿಯೂರಿತು. ಮಗಳು ಉಸಿರು ಬಿಗಿಹಿಡಿದು ನನ್ನ ತೋಳು ಹಿಡಿದುಕೊಂಡಿದ್ದಳು. ಬಸ್ಸು ಹೊರಟರೂ ಬಿಡಲಿಲ್ಲ.